ಟಿಲ್ಲರಿನ ಹಿಂದಿನ ಗಾಡಿ

ಮಲೆನಾಡಿನ ಅಡಿಕೆ ತೋಟಗಳ ಕಡೆ ಹೋಗಿ ಬಂದವರು ಒಂದು ವಿಚಿತ್ರ ವಾಹನವನ್ನು ಕಂಡಿರಬಹುದು. ಮುಂದೆ ಎರಡೇ ಗಾಲಿಗಳ ಮೇಲೆ ಗುಡುಗುಡಿಸುವ ಎಂಜಿನ್. ಅದರಿಂದ ಹಿಂದಕ್ಕೆ ಚಾಚಿದ, ಕೋಣದ ಕೊಂಬುಗಳಂಥ ಎರಡು ಹಿಡಿಗಳು. ಅದರ ಬೆನ್ನಿಗೆ ಕಟ್ಟಿದ ಎರಡು ಗಾಲಿಯ ಪುಟ್ಟ ಗಾಡಿ. ಆ ಗಾಡಿಯ ಮೂತಿಯ ಮೇಲೊಂದು ಪೀಠ, ಪೀಠದ ಮೇಲೊಬ್ಬ ಮನುಷ್ಯ. ಪವರ್ ಟಿಲ್ಲರ್ ಮತ್ತು ಅದರ ಟ್ರೇಲರ್ ಎಂದು ಇದಕ್ಕೆ ಹೆಸರು.

ಈ ಯಂತ್ರ ಬೆಳೆದದ್ದು ಜಪಾನಿನ ಸಣ್ಣ ಗದ್ದೆಗಳಲ್ಲಿ. 1967ರಲ್ಲಿ ಮಿತ್ಸುಬಿಷಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿ.ಎಸ್.ಟಿ. ಸಂಸ್ಥೆಯೂ, 1973ರಲ್ಲಿ ಕೇರಳದಲ್ಲಿ ಆರಂಭವಾದ ಕ್ಯಾಮ್ಕೊ ಸಂಸ್ಥೆಯೂ ಅದನ್ನು ನಮ್ಮ ರೈತನ ಅಂಗಳಕ್ಕೆ ತಂದವು. ಉಳುವುದಕ್ಕೆಂದು ಬಂದದ್ದು ನಮ್ಮಲ್ಲಿ ಹೊರುವುದನ್ನೇ ಹೆಚ್ಚಾಗಿ ಮಾಡುತ್ತಿದೆ. ಗದ್ದೆಯ ಕೆಲಸ ವರ್ಷಕ್ಕೆ ಕೆಲವು ದಿನ. ಗೊಬ್ಬರ, ಸೊಪ್ಪು, ಅಡಿಕೆ ಗೊನೆ, ಕಟ್ಟಿಗೆ, ಕಲ್ಲು ಇವುಗಳ ಕೆಲಸ ವರ್ಷವಿಡೀ. ಹೀಗಿದ್ದೂ ಕೊಳ್ಳುವಾಗ ನಾವು ಎಂಜಿನ್ನನ್ನು ಹತ್ತು ಸಲ ನೋಡುತ್ತೇವೆ, ಗಾಡಿಯನ್ನು ಒಂದು ಸಲವೂ ಸರಿಯಾಗಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟ ಗಾಡಿಯನ್ನು. ಹಿಂದಿನ ಯಜಮಾನರು ಹೆಚ್ಚು ಸೊಪ್ಪು ಹಿಡಿಯಲೆಂದು ಅದರ ಹಿಂಭಾಗಕ್ಕೆ ಒಂದೂವರೆ ಅಡಿ ಬೆಸುಗೆ ಹಾಕಿಸಿ ಉದ್ದ ಮಾಡಿಸಿದ್ದರು. "ಒಂದೂವರೆ ಟನ್ ಆರಾಮವಾಗಿ ಎಳೆಯುತ್ತದೆ" ಎಂದರು. ಎಳೆಯಿತು, ಸಮತಟ್ಟಿನಲ್ಲಿ. ಏರು ಬಂದಾಗ ಹಿಡಿಗಳು ನನ್ನ ಎದೆಯ ಮಟ್ಟಕ್ಕೆ ಎದ್ದವು. ಟಿಲ್ಲರಿನ ಗಾಲಿಗಳು ನೆಲದ ಹಿಡಿತ ಬಿಟ್ಟು ಕೆಮ್ಮಣ್ಣನ್ನು ಕೆರೆಯತೊಡಗಿದವು. ಕೆಳಗಿಳಿದು ಗಾಲಿಗೆ ಕಲ್ಲು ಕೊಟ್ಟು ನಿಂತೆವು. ನಮ್ಮ ಮನೆಯಲ್ಲಿ ಬಹುಕಾಲ ಎತ್ತಿನ ಗಾಡಿ ಹೊಡೆದಿದ್ದ ಮುದುಕನೊಬ್ಬ ಬಂದು ಗಾಡಿಯನ್ನು ಕಳಚಿಸಿ, ಅದರ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. "ಹಿಂಭಾರ ಆಗ್ಯದೆ ಅಯ್ಯಾ. ಮೂಕಿ ಹೀಂಗೆ ಹಗುರ ಇದ್ರೆ ಎತ್ತಿನ ಕುತ್ತಿಗೆ ಮೇಲಕ್ಕೆ ಜಗ್ತದೆ. ಎತ್ತಾದ್ರೆ ಹೇಳ್ತದೆ, ಇದು ಹೇಳಾದಿಲ್ಲ" ಎಂದ.

ಟ್ರೇಲರಿನ ಶಾಸ್ತ್ರದ ಅರ್ಧ ಭಾಗ ಈ ಮಾತಿನಲ್ಲಿದೆ. ಗಾಡಿಯ ಒಟ್ಟು ಭಾರದಲ್ಲಿ ಹತ್ತನೆಯ ಒಂದು ಪಾಲು, ಅಥವಾ ಅದಕ್ಕಿಂತ ತುಸು ಹೆಚ್ಚು, ಮೂಕಿಯ ಮೇಲೆ ಬೀಳಬೇಕು. ಉಳಿದದ್ದನ್ನು ಅಚ್ಚು ಹೊರಬೇಕು. ಆ ಮುಂಭಾರವೇ ಟಿಲ್ಲರಿನ ಗಾಲಿಗಳನ್ನು ನೆಲಕ್ಕೆ ಒತ್ತಿ ಹಿಡಿತ ಕೊಡುವುದು. ಆದರೆ ಏರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಮೂಕಿಯ ತುದಿಯಿಂದ ಅಚ್ಚಿಗೆ ಆರು ಅಡಿ ಇದೆಯೆನ್ನಿ. ಹತ್ತರಲ್ಲಿ ಒಂದು ಪಾಲು ಮುಂದೆ ಬೀಳಬೇಕಾದರೆ ಹೊರೆಯ ಭಾರಕೇಂದ್ರ ಅಚ್ಚಿನಿಂದ ಸುಮಾರು 7 ಅಂಗುಲ ಮುಂದಿರಬೇಕು. ಈಗ ಆರಡಿಗೆ ಒಂದಡಿ ಏರುವ ದಾರಿ ಬಂತು. ಹೊರೆಯನ್ನು ಎತ್ತರಕ್ಕೆ ಪೇರಿಸಿ, ಅದರ ಭಾರಕೇಂದ್ರ ಅಚ್ಚಿನಿಂದ ಮೂರಡಿ ಮೇಲಿದ್ದರೆ, ಆ ಏರಿನಲ್ಲಿ ಅದು 6 ಅಂಗುಲ ಹಿಂದಕ್ಕೆ ವಾಲುತ್ತದೆ. ಏಳರಲ್ಲಿ ಆರು ಹೋದರೆ ಉಳಿಯುವುದು ಒಂದು. ಅದೇ ಹೊರೆ ಒಂದೂವರೆ ಅಡಿಯ ಎತ್ತರದಲ್ಲಿದ್ದರೆ ಕಳೆಯುವುದು ಮೂರೇ ಅಂಗುಲ. ಗಾಡಿಯ ತಳ ತಗ್ಗಿನಲ್ಲಿರಬೇಕು, ಕಲ್ಲು ಗೊಬ್ಬರಗಳು ಕೆಳಗೆ, ಸೊಪ್ಪು ಮೇಲೆ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಇದೇ ಕಾರಣ.

ಮುಂಭಾರವನ್ನು ಅಳೆಯುವುದು ಸುಲಭ. ಅಡಿಕೆ ಮೂಟೆ ತೂಗುವ ತಕ್ಕಡಿಯನ್ನು ಸಮನೆಲದ ಮೇಲಿಟ್ಟು, ಟಿಲ್ಲರಿನ ಕೊಂಡಿಯಷ್ಟೇ ಎತ್ತರಕ್ಕೆ ಮರದ ತುಂಡು ಕೊಟ್ಟು, ತುಂಬಿದ ಗಾಡಿಯ ಮೂತಿಯನ್ನು ಅದರ ಮೇಲಿರಿಸಿದರಾಯಿತು. ಚಾಲಕನೂ ತನ್ನ ಪೀಠದಲ್ಲಿ ಕುಳಿತಿರಬೇಕು, ಅವನೂ ಮುಂಭಾರವೇ. ನಾವು ಹೀಗೆ ತೂಗಿ, ಬೆಸುಗೆಯವನ ಕೈಯಲ್ಲಿ ಆ ಒಂದೂವರೆ ಅಡಿಯನ್ನು ಕತ್ತರಿಸಿ ತೆಗೆಸಿ, ಅಚ್ಚನ್ನು ನಾಲ್ಕು ಅಂಗುಲ ಹಿಂದಕ್ಕೆ ಸರಿಸಿದೆವು. ಸೊಪ್ಪಿಗೆಂದು ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆದಿಡುವ ಕಂಬಿಯ ಗೋಡೆಗಳನ್ನು ಮಾಡಿಸಿದೆವು. ಅಗಲವನ್ನು ನಾಲ್ಕು ಅಡಿಗೆ ನಿಲ್ಲಿಸಿದೆವು. ಒಂಬತ್ತು ಅಡಿಗೊಂದು ಮರವಿರುವ ತೋಟದಲ್ಲಿ, ಬಸಿಗಾಲುವೆಯ ಬದಿಯಲ್ಲಿ, ಅದಕ್ಕಿಂತ ಅಗಲವಾದದ್ದು ತಿರುಗುವುದು ಕಷ್ಟ.

ಉಳಿದರ್ಧ ಶಾಸ್ತ್ರ ಇಳಿಜಾರಿನದು. ಅದನ್ನು ಎತ್ತಿನ ಗಾಡಿ ನಮಗೆ ಕಲಿಸಿರಲಿಲ್ಲ.

ಟಿಲ್ಲರಿಗೆ ತಿರುಗಿಸುವ ಚಕ್ರವಿಲ್ಲ. ಎರಡು ಹಿಡಿಗಳಿಗೂ ಒಂದೊಂದು ಕ್ಲಚ್ ಉಂಟು. ಎಡಗಡೆಯದನ್ನು ಹಿಸುಕಿದರೆ ಎಡಗಾಲಿಗೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಬಲಗಾಲಿಯೊಂದೇ ನೂಕುತ್ತದೆ, ಯಂತ್ರ ಎಡಕ್ಕೆ ಹೊರಳುತ್ತದೆ. ನಾಲ್ಕು ದಿನದಲ್ಲಿ ಇದು ಕೈಗೆ ಅಭ್ಯಾಸವಾಗುತ್ತದೆ. ಅಪಾಯವಿರುವುದು ಈ ಅಭ್ಯಾಸದಲ್ಲಿಯೇ. ಕಡಿದಾದ ಇಳಿಜಾರಿನಲ್ಲಿ ಎಂಜಿನ್ ಎಳೆಯುತ್ತಿರುವುದಿಲ್ಲ, ತಡೆಯುತ್ತಿರುತ್ತದೆ. ಹಿಂದಿನ ಗಾಡಿ ಅದನ್ನು ನೂಕುತ್ತಿರುತ್ತದೆ. ಆಗ ಎಡ ಕ್ಲಚ್ಚನ್ನು ಹಿಸುಕಿದರೆ ಎಡಗಾಲಿ ಎಂಜಿನ್ನಿನ ತಡೆಯಿಂದ ಬಿಡುಗಡೆಯಾಗಿ ಮುಂದೋಡುತ್ತದೆ, ಬಲಗಾಲಿ ಹಿಂದುಳಿಯುತ್ತದೆ. ಯಂತ್ರ ಹೊರಳುವುದು ಬಲಕ್ಕೆ! ಗಾಬರಿಯಾದ ಕೈ ಇನ್ನಷ್ಟು ಬಿಗಿಯಾಗಿ ಹಿಸುಕುತ್ತದೆ. ಯಂತ್ರ ಇನ್ನಷ್ಟು ಬಲಕ್ಕೆ ಹೋಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯ ಎತ್ತು ಕೋಣಗಳೆರಡೂ ಇಲ್ಲಿ ಒಂದೇ ಯಂತ್ರದೊಳಗಿವೆ.

ಗೊಬ್ಬರ ತುಂಬಿ ತೋಟಕ್ಕಿಳಿಯುವ ತಿರುವಿನಲ್ಲಿ ನನಗೆ ಆದದ್ದು ಇದೇ. ಎಡಕ್ಕೆ ತಿರುಗಬೇಕಿತ್ತು, ಬಲಕ್ಕೆ ಹೋಗಿ ಧರೆಗೆ ಗುದ್ದಿ ನಿಂತಿತು. ಧರೆ ಬಲಗಡೆ ಇತ್ತು, ಹಳ್ಳ ಎಡಗಡೆ ಇತ್ತು. ಅವೆರಡೂ ಅದಲುಬದಲಾಗಿದ್ದರೆ ಈ ಮಾತನ್ನು ಆಡಲು ನಾನು ಇರುತ್ತಿರಲಿಲ್ಲ.

ಆದ್ದರಿಂದ ಗಾಡಿಯನ್ನು ಆರಿಸುವವರು ಅದು ಎಷ್ಟು ಹೊರುತ್ತದೆಂದು ಕೇಳುವ ಮೊದಲು, ಅದನ್ನು ಯಾರು ತಡೆಯುತ್ತಾರೆಂದು ಕೇಳಬೇಕು. ಹೊರೆಯೂ ಸೇರಿ 1200 ಕಿಲೋ ತೂಗುವ ಗಾಡಿ, ಆರಡಿಗೊಂದಡಿ ಇಳಿಯುವ ದಾರಿಯಲ್ಲಿ, ಸುಮಾರು 200 ಕಿಲೋ ಭಾರದಷ್ಟು ಬಲದಿಂದ ಮುಂದಿನ ಯಂತ್ರವನ್ನು ನೂಕುತ್ತದೆ. ಆ ಯಂತ್ರವೋ ಗಾಡಿಯ ಅರ್ಧ ತೂಕವೂ ಇಲ್ಲದ್ದು. ಗಾಡಿಯ ಎರಡೂ ಗಾಲಿಗಳಿಗೆ ಸಮನಾಗಿ ಹಿಡಿಯುವ, ಕಾಲಿನಿಂದ ಒತ್ತುವ ಬ್ರೇಕು ಇರಲೇಬೇಕು. ಹಲವು ಗಾಡಿಗಳಲ್ಲಿ ಇದು ಇರುತ್ತದೆ, ಆದರೆ ಕೆಸರು ತುಂಬಿ ಹಿಡಿಯುವುದಿಲ್ಲ. ಅಥವಾ ಒಂದೇ ಗಾಲಿ ಹಿಡಿದು ಗಾಡಿಯನ್ನು ಅಡ್ಡಕ್ಕೆ ಎಳೆಯುತ್ತದೆ, ಇದು ಇನ್ನೂ ಕೆಟ್ಟದ್ದು. ಬೆಸುಗೆಯವನಿಗೆ ಕೊಡುವ ಹಣದಲ್ಲಿ ಮೊದಲ ಪಾಲು ಬ್ರೇಕಿಗೆ ಹೋಗಲಿ, ಬಣ್ಣಕ್ಕೆ ಕೊನೆಗೆ. ಇಳಿಜಾರಿನ ನೆತ್ತಿಯಲ್ಲಿಯೇ ಸಣ್ಣ ಗೇರಿಗೆ ಹಾಕಿಕೊಂಡು, ನಡುವೆ ಅದನ್ನು ಬದಲಿಸದೆ, ಗಾಡಿಯ ಬ್ರೇಕಿನಿಂದ ವೇಗ ತಗ್ಗಿಸುತ್ತ, ಪಕ್ಕದ ಕ್ಲಚ್ಚುಗಳನ್ನು ಮುಟ್ಟದೆ ಹಿಡಿಗಳನ್ನೇ ಬಲವಾಗಿ ಒತ್ತಿ ತಿರುಗಿಸಬೇಕು. ಗಾಡಿ ನೂಕದಿದ್ದರೆ ಇದು ಸಾಧ್ಯ. ನೂಕುತ್ತಿದ್ದರೆ ಭೀಮನಿಗೂ ಕಷ್ಟ.

ಹೊಸಬನಿಗೆ ಟಿಲ್ಲರ್ ಕಲಿಸುವವರು ಅವನನ್ನು ಬಯಲಿನಲ್ಲಿ ಓಡಿಸಿ ಬಿಟ್ಟುಬಿಡುತ್ತಾರೆ. ಒಂದು ಸಣ್ಣ ಇಳಿಜಾರಿನಲ್ಲಿ, ಅರ್ಧ ಹೊರೆಯೊಡನೆ, ಎರಡೂ ಕಡೆ ಬಯಲಿರುವಲ್ಲಿ ಆ ತಿರುವುಮುರುವನ್ನು ಅವನ ಕೈಗೇ ತೋರಿಸಬೇಕು. ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹುಡುಗರನ್ನು ನಾನು ಈಗ ಮೊದಲು ಕರೆದೊಯ್ಯುವುದು ಅಂಥ ಒಂದು ಜಾಗಕ್ಕೆ. ಮುದುಕ ಕಟ್ಟೆಯ ಮೇಲೆ ಕುಳಿತು ನೋಡುತ್ತಾನೆ. ಯಂತ್ರ ಹೇಳದ್ದನ್ನು ಅವನು ಕೂಗಿ ಹೇಳುತ್ತಾನೆ. ಕತ್ತರಿಸಿ ತೆಗೆದ ಒಂದೂವರೆ ಅಡಿಯ ತಗಡು ಅವನ ಕೋಳಿಗೂಡಿನ ಮಾಡಾಗಿದೆ.