ಗೇರ್ ಬಾಕ್ಸ್ ಇಳಿಸುವ ಮುನ್ನ

ಗೇರ್ ಬೀಳುತ್ತಿಲ್ಲ ಎಂದು ಯಾರೇ ಗಾಡಿ ತಂದರೂ ನಾನು ಮೊದಲು ಬಾನೆಟ್ ಎತ್ತುವುದಿಲ್ಲ. ಎಂಜಿನ್ ಆಫ್ ಮಾಡಿಸಿ, ಒಂದರಿಂದ ಐದರವರೆಗೆ ಗೇರ್ ಹಾಕಿ ನೋಡಿ ಎನ್ನುತ್ತೇನೆ. ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರ್ ಸ್ಟಾರ್ಟ್ ಮಾಡಿದಾಗ ಮಾತ್ರ ಗಟ್ಟಿಯಾದರೆ ತೊಂದರೆ ಬಹುಮಟ್ಟಿಗೆ ಕ್ಲಚ್ಚಿನದ್ದು. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ಚು ಎಂಜಿನ್ನಿನ ತಿರುಗಾಟವನ್ನು ಪೂರ್ತಿ ಬಿಡಿಸುತ್ತಿಲ್ಲ ಎಂದರ್ಥ. ಎಂಜಿನ್ ನಿಂತಾಗಲೂ ಲಿವರ್ ಗಟ್ಟಿಯಿದ್ದರೆ ಗೇರ್ ಕೇಬಲ್ ನೋಡಬೇಕು, ಅದರ ತುದಿಯ ಪ್ಲಾಸ್ಟಿಕ್ ಬುಷ್ ನೋಡಬೇಕು. ಅವೆರಡೂ ಸರಿಯಿದ್ದರೆ ಆಮೇಲೆ ಗೇರ್ ಬಾಕ್ಸ್. ಈ ಪರೀಕ್ಷೆಗೆ ಒಂದು ಸ್ಪ್ಯಾನರ್ ಕೂಡ ಬೇಡ. ಆದರೂ ಇದನ್ನು ಮಾಡದೆ ಗೇರ್ ಬಾಕ್ಸ್ ಇಳಿಸಿ, ಏನೂ ಸರಿಹೋಗದೆ ನನ್ನಲ್ಲಿಗೆ ಬರುವ ಗಾಡಿಗಳಿವೆ. ಪೈಸೆಗೆ ಪೈಸೆ ಕೂಡಿಸಿ ಹಳೇ ಕಾರು ಕೊಂಡವರ ದುಡ್ಡು ಹೀಗೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಶಿವಮೊಗ್ಗದಲ್ಲಿ ನನ್ನ ಗ್ಯಾರೇಜು. ಇಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಳ್ಳುವವರಿಗೆ ಅದು ಷೋಕಿಯ ಗಾಡಿಯಲ್ಲ. ಮಣಿಪಾಲದ ಆಸ್ಪತ್ರೆಗೋ ಉಡುಪಿಯ ಮದುವೆಗೋ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಕೂರಿಸಿಕೊಂಡು, ಆಗುಂಬೆ ಘಾಟಿಯ 14 ತಿರುವು ಇಳಿದು ಮತ್ತೆ ಹತ್ತಬೇಕು. ಕ್ಲಚ್ಚು, ಗೇರು, ಸ್ಟೇರಿಂಗು, ಮೂರರಲ್ಲಿ ಯಾವುದರ ಹುಳುಕಿದ್ದರೂ ಆ ದಾರಿಯಲ್ಲಿ ಹೊರಗೆ ಬರುತ್ತದೆ.

ಹೋದ ಮಳೆಗಾಲಕ್ಕೆ ಮುಂಚೆ ಒಬ್ಬ ನಿವೃತ್ತ ಮೇಷ್ಟ್ರು ಬಂದರು. "ಗೇರ್ ಬಾಕ್ಸ್ ಹೋಗಿದೆಯಂತೆ ಕಣಪ್ಪ, ಇಳಿಸಲೇಬೇಕು ಅಂದ್ರು" ಎಂದರು. "ಕೀ ಕೊಡಿ ಮೇಷ್ಟ್ರೇ, ಮೊದಲು ನೋಡೋಣ" ಎಂದೆ. ಸ್ಟಾರ್ಟ್ ಮಾಡಿದರೆ ಫಸ್ಟ್ ಗೇರ್ ಬೀಳದು, ರಿವರ್ಸ್‌ಗೆ ಗರ್ರೆಂದು ಹಲ್ಲು ಕಡಿಯುವ ಸದ್ದು. ಆಫ್ ಮಾಡಿದರೆ ಎಲ್ಲ ಗೇರೂ ಸರಾಗ. ಕೆಲವು ಕಾರಿನಲ್ಲಿ ಕ್ಲಚ್ಚಿಗೆ ಕೇಬಲ್ ಇರುತ್ತದೆ, ಕೆಲವದರಲ್ಲಿ ಆಯಿಲ್ ಒತ್ತಡದಿಂದ ಕೆಲಸ ನಡೆಯುತ್ತದೆ. ಇದು ಆಯಿಲಿನದ್ದು. ಗೇರ್ ಬಾಕ್ಸಿನ ಪಕ್ಕ ಬೋಲ್ಟ್ ಮಾಡಿರುವ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಸ್ಕ್ರೂ ಡ್ರೈವರ್ ತುದಿಯಿಂದ ಸರಿಸಿದೆ. ಒಳಗಿನಿಂದ ಕಪ್ಪಗಾದ ಆಯಿಲ್ ತೊಟ್ಟಿಕ್ಕಿ ಬೆರಳಿಗೆ ಬಂತು. ಒಳಗಿನ ಸೀಲ್ ಸವೆದಿತ್ತು. ಪೆಡಲ್ ಒತ್ತಿದ ಒತ್ತಡವೆಲ್ಲ ಅಲ್ಲಿ ಸೋರಿಹೋಗುತ್ತಿತ್ತು. ಹೊಸ ಸಿಲಿಂಡರ್ ಕೂರಿಸಿ, ಗ್ಯಾರೇಜಿನ ಹುಡುಗನಿಂದ ಪೆಡಲ್ ಒತ್ತಿಸಿ ನಿಪ್ಪಲ್‌ನಿಂದ ಗಾಳಿ ತೆಗೆದೆವು. ಗೇರ್ ಬಾಕ್ಸ್ ತನ್ನ ಜಾಗದಲ್ಲೇ ಇತ್ತು. ಇಲ್ಲಿ ಒಂದು ಎಚ್ಚರಿಕೆ: ಬಹಳಷ್ಟು ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ಆಯಿಲ್ ಹೋಗುತ್ತದೆ. ಆ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿದ್ದರೆ ಮೇಲಿಂದ ಸುರಿದು ಸುಮ್ಮನಾಗಬಾರದು, ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಿ.

ಸದ್ದಿಗೂ ಲೆಕ್ಕವಿದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುವಾಗ ಕ್ಲಚ್ ಒತ್ತಿದರೆ ಮಾತ್ರ ಕೀರಲು ಸದ್ದು ಬಂದರೆ ಅದು ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್ ಬಾಕ್ಸಿನ ಒಳಗಿನ ಬೇರಿಂಗ್ ಮೇಲೆ ಅನುಮಾನ. ನಾಲ್ಕನೇ ಗೇರಿನಲ್ಲಿ ನಲವತ್ತರ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದಾದರೆ ಕ್ಲಚ್ ಪ್ಲೇಟ್ ಸವೆದಿದೆ. ಇಂಥ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಲೇಬೇಕು. ಇಳಿಸಿದ ಮೇಲೆ ಜಿಪುಣತನ ಬೇಡ. ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಒಟ್ಟಿಗೇ ಹಾಕಿಸಿ, ಕ್ರ್ಯಾಂಕ್ ಹಿಂದಿನ ಆಯಿಲ್ ಸೀಲನ್ನೂ ನೋಡಿಸಿ. ಬಿಡಿಬಿಡಿಯಾಗಿ ಹಾಕಿಸಿದರೆ ಕೂಲಿಯನ್ನು ಎರಡು ಸಲ ಕೊಡಬೇಕಾಗುತ್ತದೆ.

ಒಂದೇ ಒಂದು ಗೇರ್, ಸಾಮಾನ್ಯವಾಗಿ ಎರಡನೆಯದು, ಹಾಕುವಾಗ ಮಾತ್ರ ಕರಕರ ಎಂದರೆ ಅದರ ಸಿಂಕ್ರೊ ರಿಂಗ್ ಸವೆದಿರಬಹುದು. ಅದಕ್ಕೂ ಮೊದಲು ಗೇರ್ ಆಯಿಲ್ ನೋಡಿ. ಎಂಜಿನ್ ಆಯಿಲ್ ಬದಲಿಸುವುದನ್ನು ಮರೆಯದವರೂ ಗೇರ್ ಆಯಿಲನ್ನು ಕೇಳುವುದೇ ಇಲ್ಲ. ಹಳೇ ಗಾಡಿಯ ದಾಖಲೆ ಕೈಗೆ ಸಿಗದಿದ್ದರೆ ಆಯಿಲ್ ಬದಲಿಸಿಬಿಡುವುದೇ ಒಳ್ಳೆಯದು. ತುಂಬುವ ಬೋಲ್ಟನ್ನು ಮೊದಲು ಬಿಚ್ಚಬೇಕು, ಖಾಲಿ ಮಾಡುವ ಬೋಲ್ಟನ್ನು ಆಮೇಲೆ. ಆಯಿಲೆಲ್ಲ ಸುರಿದುಹೋದ ಮೇಲೆ ಮೇಲಿನ ಬೋಲ್ಟ್ ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಕೆಳಗಿನ ಬೋಲ್ಟಿಗೆ ಅಯಸ್ಕಾಂತವಿದ್ದರೆ ಅದಕ್ಕೆ ಅಂಟಿದ ಕಬ್ಬಿಣದ ನುಣುಪು ಪುಡಿ ಸಹಜ, ಚೂರು ಕಂಡರೆ ಮಾತ್ರ ಚಿಂತಿಸಬೇಕು. ಕಾರಿನ ಪುಸ್ತಕದಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ಜಿಎಲ್-5 ದೊಡ್ಡ ನಂಬರ್, ಅದು ಇನ್ನೂ ಒಳ್ಳೆಯದು ಎಂದು ಹಾಕುವವರಿದ್ದಾರೆ. ಅದರ ರಾಸಾಯನಿಕ ಕೆಲವು ಗೇರ್ ಬಾಕ್ಸಿನ ಹಿತ್ತಾಳೆ ರಿಂಗಿಗೆ ಆಗಿಬರುವುದಿಲ್ಲ. ಆಟೊಮ್ಯಾಟಿಕ್ ಗಾಡಿಗೂ ಅದಕ್ಕೆ ಹೇಳಿದ ಆಯಿಲೇ ಆಗಬೇಕು, ಸುಟ್ಟ ವಾಸನೆ ಬಂದರೆ ಆ ಕೆಲಸ ಬಲ್ಲವರಲ್ಲಿಗೇ ಒಯ್ಯಿರಿ.

ಇನ್ನು ಸ್ಟೇರಿಂಗ್. ಮೇಷ್ಟ್ರ ಕಾರು ಬ್ರೇಕ್ ಹಾಕಿದರೆ ಎಡಕ್ಕೆ ಎಳೆಯುತ್ತಿತ್ತು, ಹಂಪಿನ ಮೇಲೆ ಕಟ್ ಎನ್ನುತ್ತಿತ್ತು. ಅಲೈನ್‌ಮೆಂಟ್ ಮಾಡಿಸಿದ್ದೂ ಆಗಿತ್ತು. ಸಡಿಲ ಜಾಯಿಂಟುಗಳ ಮೇಲೆ ಮಾಡಿಸಿದ ಅಲೈನ್‌ಮೆಂಟ್ ದಂಡ, ಮೊದಲ ಗುಂಡಿಗೆ ಇಳಿದಾಗಲೇ ಅದು ತಪ್ಪಿರುತ್ತದೆ. ನಾನು ಟೈರ್ ಗಾಳಿ ನೋಡಿ, ಮುಂದಿನ ಎಡಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡ್ ಇಟ್ಟೆ. ಜಾಕ್ ಒಂದನ್ನೇ ನಂಬಿ ಯಾರೂ ಗಾಡಿಯ ಕೆಳಗೆ ನುಗ್ಗಬಾರದು. ಚಕ್ರವನ್ನು ಎಡಬಲ ಹಿಡಿದು ಅಲುಗಿಸಿದರೆ ಟೈ ರಾಡ್, ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬಾಲ್ ಜಾಯಿಂಟ್ ಅಥವಾ ಚಕ್ರದ ಬೇರಿಂಗ್ ತನ್ನ ಸ್ಥಿತಿ ಹೇಳುತ್ತದೆ. ಎಡಬಲ ಅಲುಗಿಸಿದಾಗ ಚಕ್ರ ಆಡಿತು. ಹುಡುಗನಿಗೆ ಹಾಗೆಯೇ ಅಲುಗಿಸುತ್ತಿರು ಎಂದು ಹೇಳಿ ಟೈ ರಾಡ್ ಎಂಡ್ ಮೇಲೆ ಬೆರಳಿಟ್ಟೆ. ಒಳಗಿನ ಗುಂಡು ಕಟಕಟ ಹೊಡೆಯುವುದು ಬೆರಳಿಗೇ ತಿಳಿಯಿತು. ರಬ್ಬರ್ ಹರಿದು, ಗ್ರೀಸ್ ಹೋಗಿ, ಕೆಸರು ತುಂಬಿತ್ತು. ಲೋವರ್ ಆರ್ಮ್ ಬುಷ್ ಕೂಡ ಸೀಳಿತ್ತು. ಬ್ರೇಕ್ ಹಾಕಿದಾಗ ಗಾಡಿ ಎಳೆಯುತ್ತಿದ್ದದ್ದು ಅದರಿಂದ. ಹಳೇ ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತಿಗೆ ಹೊರಬಂತೋ ಅಷ್ಟೇ ಸುತ್ತು ಹೊಸದನ್ನು ಕೂರಿಸಿ, ಎಲ್ಲ ಬಿಗಿ ಮಾಡಿ, ಆಮೇಲೆ ಅಲೈನ್‌ಮೆಂಟಿಗೆ ಕಳಿಸಿದೆ.

ಸ್ಟೇರಿಂಗ್ ಭಾರವಾಗಿದ್ದರೆ ಹಳೇ ಹೈಡ್ರಾಲಿಕ್ ಗಾಡಿಯಲ್ಲಿ ಆಯಿಲ್ ಮಟ್ಟ ಮತ್ತು ಬೆಲ್ಟ್ ನೋಡಿ. ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಇದ್ದು ಡ್ಯಾಶ್‌ಬೋರ್ಡಿನಲ್ಲಿ ಅದರ ಲೈಟ್ ಹತ್ತಿದ್ದರೆ ಮೊದಲು ಬ್ಯಾಟರಿ, ಆಲ್ಟರ್ನೇಟರ್, ಫ್ಯೂಸ್ ಪರೀಕ್ಷಿಸಿ. ಕರೆಂಟ್ ಸಾಲದೆ ಸ್ಟೇರಿಂಗ್ ಕೈಬಿಟ್ಟದ್ದಕ್ಕೆ ಇಡೀ ಸ್ಟೇರಿಂಗ್ ಕಾಲಂ ಬದಲಿಸಿಕೊಂಡವರಿದ್ದಾರೆ. ಎಂಬತ್ತು ದಾಟಿದಾಗ ಮಾತ್ರ ಸ್ಟೇರಿಂಗ್ ನಡುಗುವುದು ಹೆಚ್ಚಾಗಿ ವ್ಹೀಲ್ ಬ್ಯಾಲೆನ್ಸಿಂಗ್ ಮಾತು. ಪೂರ್ತಿ ತಿರುಗಿಸಿ ಹೋಗುವಾಗ ಟಕಟಕ ಸದ್ದು ಬಂದರೆ ಅದು ಡ್ರೈವ್ ಶಾಫ್ಟ್ ಜಾಯಿಂಟ್.

ಯಾವ ಗ್ಯಾರೇಜಿಗೆ ಹೋದರೂ ಬಿಚ್ಚುವ ಮೊದಲು ಏನು ಪರೀಕ್ಷೆ ಮಾಡಿದಿರಿ ಎಂದು ಕೇಳಿ. ತೆಗೆದ ಹಳೇ ಪಾರ್ಟನ್ನು ಕೈಗೆ ಕೇಳಿ ಪಡೆಯಿರಿ. ಕ್ಲಚ್ ಸ್ವಲ್ಪ ಜಾರಿದರೂ ಊರೊಳಗೆ ಹೇಗೋ ಮನೆ ಸೇರಬಹುದು, ಸ್ಟೇರಿಂಗಿನ ಜಾಯಿಂಟ್ ಕಳಚಿದರೆ ಗಾಡಿ ಮಾತು ಕೇಳುವುದಿಲ್ಲ. ಟೈ ರಾಡ್ ಆಡುತ್ತಿದೆ ಎಂದು ಮೆಕ್ಯಾನಿಕ್ ಹೇಳಿದರೆ ಮದುವೆಯಾದರೂ ಸರಿ, ದೇವಸ್ಥಾನವಾದರೂ ಸರಿ, ಅದನ್ನು ಬದಲಿಸದೆ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯಬೇಡಿ.