20× ದುರ್ಬೀನಲ್ಲಿ ಹಕ್ಕಿ ಯಾಕೆ ಕಾಣಲಿಲ್ಲ? ಬೈನಾಕ್ಯುಲರ್ ಕೊಳ್ಳೋ ಮುಂಚೆ ಓದಬೇಕಾದ ನಂಬರ್‌ಗಳು

(ಈ ವಾರದ ಎಪಿಸೋಡ್‌ನ ಬರಹ ರೂಪ)

ಈ ವಾರದ ವಿಷಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ ಬಂದದ್ದು. "ಹಕ್ಕಿ ನೋಡೋಕೆ ಶುರು ಮಾಡಿದೀನಿ. ಕೈಯಲ್ಲಿ 10 ಸಾವಿರ ಇದೆ. ಆನ್‌ಲೈನ್‌ನಲ್ಲಿ 20× ಬೈನಾಕ್ಯುಲರ್ 3 ಸಾವಿರಕ್ಕೆ ಸಿಗ್ತಿದೆ, 8× ಇರೋದಕ್ಕೆ 10 ಸಾವಿರ ಹೇಳ್ತಾರೆ. ಕಮ್ಮಿ ಪವರ್‌ಗೆ ಜಾಸ್ತಿ ದುಡ್ಡು ಯಾಕೆ ಕೊಡಬೇಕು?"

ಕೇಳಿ ನಗು ಬಂತು. ಇದೇ ಲೆಕ್ಕ ಹಾಕಿ ನಾನೂ ಹಳ್ಳಕ್ಕೆ ಬಿದ್ದಿದ್ದೆ. ಬಿ.ಕಾಂ ಓದಿದ ತಲೆ, "ಪ್ರತಿ × ಗೆ ಎಷ್ಟು ರೂಪಾಯಿ" ಅಂತ ಭಾಗಾಕಾರ ಮಾಡಿದ್ದೆ!

ಅಪ್ಪ ರಿಟೈರ್ ಆದ ವರ್ಷ ಅದು. ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ದಿನಾ ಬೆಳಗ್ಗೆ ವಾಕಿಂಗ್ ಹೋಗೋರು. ಬಂದು, "ಇವತ್ತೊಂದು ಕರಿ ಹಕ್ಕಿ ರೆಕ್ಕೆ ಬಿಚ್ಕೊಂಡು ಬಿಸಿಲು ಕಾಯಿಸ್ತಾ ಕೂತಿತ್ತು, ಏನದು?" ಅಂತ ಕೇಳೋರು. ನೀರುಕಾಗೆ. ಅವರ ಹುಟ್ಟುಹಬ್ಬಕ್ಕೆ ಅಂತ 3,400 ರೂಪಾಯಿ ಕೊಟ್ಟು, ಹೆಸರೂ ಕೇಳಿರದ ಕಂಪನಿಯ 20×50 ದುರ್ಬೀನು ತರಿಸಿದೆ. ಬಾಕ್ಸ್ ಮೇಲೆ ಹದ್ದಿನ ಚಿತ್ರ. ಅಪ್ಪ ಎರಡು ದಿನ ಕೊರಳಿಗೆ ಹಾಕ್ಕೊಂಡು ಹೋದರು. ಮೂರನೇ ದಿನ ಅದು ಬೀರು ಮೇಲೆ ಹೋಯ್ತು. "ಚೆನ್ನಾಗೇ ಇದೆ. ನನ್ನ ಕಣ್ಣೇ ಸರಿ ಇಲ್ಲ, ಬಿಡು" ಅಂದ್ರು.

ಹೆದರಿಕೊಂಡು ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಕಣ್ಣು ಸರಿಯಾಗಿತ್ತು, ಕನ್ನಡಕದ ನಂಬರೂ ಸರಿಯಾಗಿತ್ತು. ತಪ್ಪಿದ್ದದ್ದು ನಾನು ಓದದೇ ಕೊಂಡ ಆ ಇನ್ನೊಂದು ನಂಬರ್.

ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ರೆ, 8 ಅನ್ನೋದು ಎಷ್ಟು ಪಟ್ಟು ಹತ್ತಿರ ತರುತ್ತೆ ಅನ್ನೋದು. 42 ಅನ್ನೋದು ಮುಂದಿನ ದೊಡ್ಡ ಲೆನ್ಸಿನ ಅಗಲ, ಮಿಲಿಮೀಟರ್‌ನಲ್ಲಿ. ಈಗ 80 ಮೀಟರ್ ದೂರದ ಮರದಲ್ಲಿ ಒಂದು ಹಕ್ಕಿ ಇದೆ ಅಂತಿಟ್ಕೊಳ್ಳಿ. 8× ನಲ್ಲಿ ನೋಡಿದ್ರೆ ಅದು 10 ಮೀಟರ್‌ನಲ್ಲಿ ಕೂತ ಹಾಗೆ ಕಾಣುತ್ತೆ. 10× ನಲ್ಲಿ 8 ಮೀಟರ್. ವ್ಯತ್ಯಾಸ ಎರಡೇ ಮೀಟರ್! 20× ನಲ್ಲಿ 4 ಮೀಟರ್ ಆಗುತ್ತೆ, ಒಪ್ತೀನಿ. ಆದ್ರೆ ಹಕ್ಕಿಯ ಜೊತೆ ನಮ್ಮ ಕೈನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತೆ. ನಡುಗದ ಕೈ ಯಾರದ್ದೂ ಇಲ್ಲ, ಉಸಿರಾಡಿದ್ರೂ ಅಲುಗುತ್ತೆ. 8× ನಲ್ಲಿ ತಡೆದುಕೊಳ್ಳಬಹುದಾದ ಆ ಅಲುಗಾಟ 20× ನಲ್ಲಿ ಸಣ್ಣ ಭೂಕಂಪ. ಹಕ್ಕಿ ದೊಡ್ಡದಾಗಿ ಕಾಣುತ್ತೆ, ಅದರ ಕಣ್ಣಿನ ಸುತ್ತ ಬಿಳಿ ಉಂಗುರ ಇದೆಯೋ ಇಲ್ವೋ ಅನ್ನೋದು ಮಾತ್ರ ಗೊತ್ತಾಗಲ್ಲ.

ಎರಡನೇ ಏಟು ಬೆಳಕಿನದ್ದು. 42ನ್ನು 8ರಿಂದ ಭಾಗಿಸಿ, 5.25 ಬರುತ್ತೆ. ಹಿಂದಿನಿಂದ ನಮ್ಮ ಕಣ್ಣಿಗೆ ಬರೋ ಬೆಳಕಿನ ಬಿಲ್ಲೆ ಅಷ್ಟು ಮಿ.ಮೀ. ಅಗಲ ಇರುತ್ತೆ. ಇದನ್ನ ಎಕ್ಸಿಟ್ ಪ್ಯೂಪಿಲ್ ಅಂತಾರೆ. ಬೈನಾಕ್ಯುಲರನ್ನ ಒಂದು ಕೈ ದೂರ ಹಿಡಿದು ಆಕಾಶದ ಕಡೆ ತಿರುಗಿಸಿದ್ರೆ ಆ ಬಿಳಿ ಬಿಲ್ಲೆ ಬರಿಗಣ್ಣಿಗೇ ಕಾಣುತ್ತೆ. (ಸೂರ್ಯನ ಕಡೆ ಮಾತ್ರ ಯಾವತ್ತೂ ಬೇಡ. ಕಣ್ಣು ಸುಟ್ಟು ಹೋಗುತ್ತೆ, ತಮಾಷೆ ಅಲ್ಲ.) ಇನ್ನು ಅಪ್ಪನ 20×50: 50 ಭಾಗಿಸು 20, ಅಂದ್ರೆ 2.5. ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಕಣ್ಣಿನ ಪಾಪೆಯೇ 2-3 ಮಿ.ಮೀ.ಗೆ ಕಿರಿದಾಗಿರುತ್ತೆ, ಆಗ ತೊಂದರೆ ಇಲ್ಲ. ಆದ್ರೆ ಹಕ್ಕಿ ಚುರುಕಾಗಿರೋದು ಬೆಳಗ್ಗೆ ಆರೂವರೆಗೆ. ಆ ಮಬ್ಬಲ್ಲಿ ಪಾಪೆ ಅಗಲವಾಗಿ ತೆರೆದುಕೊಂಡು ಬೆಳಕಿಗೆ ಕಾಯ್ತಿರುತ್ತೆ, ದುರ್ಬೀನು ಕೊಡೋದು 2.5 ಮಿ.ಮೀ. ಕಿಂಡಿ. ಮರದೊಳಗಿನ ಹಕ್ಕಿ ಬರೀ ಕಪ್ಪು ನೆರಳು.

ಮೂರನೆಯದು ಎಷ್ಟು ಜಾಗ ಕಾಣುತ್ತೆ ಅನ್ನೋದು. ಒಂದು ಸಾಧಾರಣ 8×42ರಲ್ಲಿ 1,000 ಮೀಟರ್ ದೂರದಲ್ಲಿ ಸುಮಾರು 130 ಮೀಟರ್ ಅಗಲದ ದೃಶ್ಯ ಕಾಣುತ್ತೆ. 50 ಮೀಟರ್ ದೂರಕ್ಕೆ ಇಳಿಸಿದ್ರೆ ಆರೂವರೆ ಮೀಟರ್, ಅಂದ್ರೆ ಒಂದು ಹೊಂಗೆಮರದ ತಲೆಯ ಬಹುಭಾಗ. ಸಾಮಾನ್ಯ 20×50ರಲ್ಲಿ ಅದರ ಅರ್ಧಕ್ಕಿಂತ ಕಮ್ಮಿ. ಮರದಲ್ಲಿ ಅಲ್ಲಾಡಿದ ಎಲೆಯನ್ನ ಹುಡುಕ್ತಾ ಅಪ್ಪ ಯಾವ ಕೊಂಬೆ ನೋಡ್ತಿದ್ದೀನಿ ಅನ್ನೋದನ್ನೇ ಕಳ್ಕೊಳ್ತಿದ್ರು. ಅಷ್ಟರಲ್ಲಿ ಹಕ್ಕಿ ಹೋಗಿರ್ತಿತ್ತು.

ಇಷ್ಟೂ ಆದಮೇಲೂ ಅವರಿಗೆ ಅರೆಬರೆ ಕಾಣಬೇಕಿತ್ತು. ಪೂರ್ತಿ ಕೈಕೊಟ್ಟದ್ದು ನಾಲ್ಕನೇ ನಂಬರ್, ಬಾಕ್ಸ್ ಮೇಲೆ ಬಹಳ ಸಲ ಬರೆದೇ ಇರಲ್ಲ: ಐ ರಿಲೀಫ್. ಕಣ್ಣನ್ನ ಹಿಂದಿನ ಲೆನ್ಸ್‌ನಿಂದ ಎಷ್ಟು ದೂರ ಇಟ್ಟರೂ ಪೂರ್ತಿ ದೃಶ್ಯ ಕಾಣುತ್ತೆ ಅನ್ನೋ ಅಳತೆ ಅದು. ಕನ್ನಡಕ ಹಾಕಿದವರ ಕಣ್ಣು ಲೆನ್ಸ್‌ಗೆ ಅಂಟಿ ಕೂರೋಕೆ ಆಗಲ್ಲ, ನಡುವೆ ಕನ್ನಡಕ ಇದೆಯಲ್ಲ! ಅವರಿಗೆ ಕನಿಷ್ಠ 15, ಸಾಧ್ಯವಾದರೆ 16-17 ಮಿ.ಮೀ. ಬೇಕು. ಕಮ್ಮಿ ಇದ್ರೆ ಬೀಗದ ತೂತಿನಿಂದ ಇಣುಕಿದ ಹಾಗೆ, ನಡುವೆ ಒಂದು ಚುಕ್ಕೆ ಬೆಳಕು, ಸುತ್ತ ಕತ್ತಲು. ಅಪ್ಪ ನೋಡ್ತಿದ್ದದ್ದು ಇದನ್ನ. ಅದಕ್ಕೆ ಅವರು ತಮ್ಮ ಕಣ್ಣನ್ನೇ ಬೈದುಕೊಂಡ್ರು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ದುರ್ಬೀನು ಮೂಲೆ ಸೇರಿ, "ನನಗಲ್ಲ ಇದು" ಅಂತ ಸುಮ್ಮನಾದವರು ಇದ್ದಾರೋ.

ಒಂದೇ ಕಂಪನಿಯ ಎರಡು ಮಾಡೆಲ್ ಪಕ್ಕಪಕ್ಕ ಇಟ್ಟು ನೋಡಿ. ನಿಕಾನ್‌ನ ಅಕ್ಯುಲಾನ್ 8×42 ಮತ್ತು ಪ್ರೊಸ್ಟಾಫ್ ಪಿ3 8×42. ಹೊರಗಿನ ನಂಬರ್ ಎರಡರದ್ದೂ ಒಂದೇ. ಐ ರಿಲೀಫ್ ಮೊದಲನೆಯದರಲ್ಲಿ 12 ಮಿ.ಮೀ., ಎರಡನೆಯದರಲ್ಲಿ ಸುಮಾರು 20. ಕನ್ನಡಕ ಇಲ್ಲದವರಿಗೆ ಮೊದಲನೆಯದು ಕಮ್ಮಿ ಬೆಲೆಗೆ ಒಳ್ಳೆ ಮಾಲು, ದೃಶ್ಯವೂ ಅಗಲ. ಕನ್ನಡಕದವರು ಎರಡನೆಯದರ ಕಡೆ ನೋಡಬೇಕು. ಸ್ಪೆಸಿಫಿಕೇಶನ್ ಪೇಜ್‌ನಲ್ಲಿ ಈ ಒಂದು ಸಾಲು ಹುಡುಕಿ, ಇಲ್ಲದಿದ್ರೆ ಆ ಪೇಜ್ ಮುಚ್ಚಿ.

ಹಾಗಾದ್ರೆ ಏನು ತಗೋಬೇಕು? ನನ್ನ ಉತ್ತರ ಸೀದಾ: ಮೊದಲ ಬೈನಾಕ್ಯುಲರ್ 8×42. ಹೊತ್ತು ತಿರುಗೋದು ಜಾಸ್ತಿ, ಹಗುರ ಬೇಕು ಅಂದ್ರೆ 8×32. ಸದಾ ಬಯಲಲ್ಲಿ, ಕೆರೆ ದಂಡೆಯಲ್ಲಿ ನೋಡೋರು, ಕೈ ಗಟ್ಟಿ ಇದೆ ಅನ್ನೋರು 10×42. ಇವುಗಳ ಆಚೆಗೆ ಹೋಗಬೇಡಿ. "10-70× ಜೂಮ್" ಅಂತ ಬರೋದನ್ನ, ಕೆಂಪಗೆ ಮಿಂಚೋ ಲೆನ್ಸಿನದ್ದನ್ನ, "ನೈಟ್ ವಿಷನ್" ಅಂತ ಬರೆದ ಸಾದಾ ದುರ್ಬೀನನ್ನ ಮುಟ್ಟಲೇಬೇಡಿ.

ಆಕಾರದಲ್ಲಿ ಎರಡು ಜಾತಿ. ಭುಜ ಉಬ್ಬಿದ ಹಾಗೆ ಇರೋ ಹಳೇ ಮಾದರಿ ಪೊರೊ ಪ್ರಿಸಂ. ಇಗ್ನಾಜಿಯೊ ಪೊರೊ ಅನ್ನೋ ಇಟಲಿಯವರು 1854ರಲ್ಲಿ ಪೇಟೆಂಟ್ ಪಡೆದದ್ದು. ಎರಡು ನೇರ ಕೊಳವೆ ಥರ ಇರೋದು ರೂಫ್ ಪ್ರಿಸಂ. ಬಜೆಟ್ ಕಮ್ಮಿ ಇದ್ದಾಗ ಅದೇ ದುಡ್ಡಿಗೆ ಪೊರೊದಲ್ಲಿ ಚಿತ್ರ ಚೆನ್ನಾಗಿರುತ್ತೆ, ಯಾಕಂದ್ರೆ ರೂಫ್ ಪ್ರಿಸಂ ಸರಿಯಾಗಿ ಮಾಡೋದು ದುಬಾರಿ ಕೆಲಸ. ಆದ್ರೆ ಮಳೆ, ಮಂಜು ತಡೆಯೋ ವಾಟರ್‌ಪ್ರೂಫ್ ಹೆಚ್ಚಾಗಿ ಸಿಗೋದು ರೂಫ್‌ನಲ್ಲೇ. ಮಲೆನಾಡಲ್ಲಿ ಇರೋರು, ಆಗುಂಬೆ ಕಡೆ ಹೋಗೋರು ಒಳಗೆ ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್‌ಗೇ ದುಡ್ಡು ಹಾಕಿ. ಲೆನ್ಸ್ ಒಳಗೆ ಫಂಗಸ್ ಹಿಡಿದ್ರೆ ಆ ಬೈನಾಕ್ಯುಲರ್ ಕಥೆ ಮುಗೀತು ಅಂತಲೇ ಲೆಕ್ಕ.

ದುಡ್ಡಿನ ಮಾತು ಬಂತಲ್ಲ. ಒಳ್ಳೆ ಶುರುವಾತಿನ 8×42 ಸುಮಾರು 8 ಸಾವಿರದಿಂದ 15 ಸಾವಿರದ ಒಳಗೆ ಸಿಗುತ್ತೆ. ಜಾಸ್ತಿ ಅನ್ಸುತ್ತೆ. 12 ಸಾವಿರದ್ದನ್ನ ವಾರಕ್ಕೆ ಎರಡು ಗಂಟೆ, ಹತ್ತು ವರ್ಷ ಬಳಸಿ: 1,040 ಗಂಟೆ. ಗಂಟೆಗೆ ಹನ್ನೆರಡು ರೂಪಾಯಿಯೂ ಇಲ್ಲ. ಇದು ಹತ್ತು ವರ್ಷ ಆರಾಮಾಗಿ ಬರೋ ವಸ್ತು, ಫೋನ್ ಥರ ಎರಡು ವರ್ಷಕ್ಕೆ ಹಳತಾಗಲ್ಲ. ನನ್ನ 3,400 ರೂಪಾಯಿದು ಎರಡು ದಿನ ಬಳಕೆ, ದಿನಕ್ಕೆ 1,700!

"ಫೋನ್‌ನಲ್ಲೇ 100× ಜೂಮ್ ಇದೆ, ಬೈನಾಕ್ಯುಲರ್ ಯಾಕೆ?" ಅನ್ನೋರು ಇದ್ದೀರಿ, ಗೊತ್ತು. ಫೋನ್ ದಾಖಲೆಗೆ ಒಳ್ಳೇದು. ಮರ್ಲಿನ್ ಆ್ಯಪ್ ಹಾಕ್ಕೊಂಡ್ರೆ ಕೂಗು ಕೇಳಿ ಯಾವ ಹಕ್ಕಿ ಇರಬಹುದು ಅಂತ ಅಂದಾಜೂ ಹೇಳುತ್ತೆ. ಆದ್ರೆ ಫೋನಿನ ದೊಡ್ಡ ಜೂಮ್ ಬಹುಪಾಲು ಚಿತ್ರವನ್ನ ಎಳೆದು ಹಿಗ್ಗಿಸೋದು, ಹೊಸ ವಿವರ ತರೋದಲ್ಲ. ಎಲೆ ಮಧ್ಯೆ ಹಾರಾಡೋ ಸೂರಕ್ಕಿಯನ್ನ ಆ ಸ್ಕ್ರೀನ್‌ನಲ್ಲಿ ಹಿಡಿಯೋಕೆ ಪ್ರಯತ್ನಿಸಿ, ಗೊತ್ತಾಗುತ್ತೆ.

ಸಾಧ್ಯವಾದ್ರೆ ಅಂಗಡಿಗೆ ಹೋಗಿ ನೋಡಿ, ಇಲ್ಲಾಂದ್ರೆ ಹಕ್ಕಿ ನೋಡೋರ ಜೊತೆ ಒಂದು ಭಾನುವಾರ ಹೋಗಿ ಅವರದ್ದನ್ನ ಕೇಳಿ. ಕೊಡ್ತಾರೆ, ಖುಷಿಯಿಂದ ಕೊಡ್ತಾರೆ. ಕನ್ನಡಕ ಹಾಕ್ಕೊಂಡೇ ನೋಡಿ. ಕಣ್ಣಿನ ಹತ್ರ ಇರೋ ರಬ್ಬರ್ ಕಪ್ಪನ್ನ ಕನ್ನಡಕದವರು ಒಳಗೆ ತಿರುಗಿಸಿ ಅಥವಾ ಮಡಚಬೇಕು, ಇಲ್ಲದವರು ಹೊರಗೆ ಎಳೆಯಬೇಕು. ಆಕಾಶದ ಎದುರಿನ ಕರೆಂಟ್ ತಂತಿ ನೋಡಿ. ಅಂಚಲ್ಲಿ ನೇರಳೆ ಬಣ್ಣ ಜಾಸ್ತಿ ಕಂಡ್ರೆ ಲೆನ್ಸ್ ಸಾಧಾರಣ. ಒಂದು ತಂತಿ ಎರಡಾಗಿ ಕಂಡ್ರೆ, ಎರಡು ನಿಮಿಷಕ್ಕೇ ತಲೆ ಭಾರ ಆದ್ರೆ ಎರಡು ಕೊಳವೆ ಹೊಂದಾಣಿಕೆ ಇಲ್ಲ. ಅದು ಉಚಿತವಾಗಿ ಕೊಟ್ಟರೂ ಬೇಡ. ಆ ಬೆಳಕಿನ ಬಿಲ್ಲೆಯನ್ನೂ ನೋಡಿ: ದುಂಡಗೆ ಪೂರ್ತಿ ಇದ್ರೆ ಪ್ರಿಸಂ ಗಾಜು ಒಳ್ಳೇದು, ಅಂಚು ಕತ್ತರಿಸಿದ ಹಾಗೆ ಚೌಕ ಇದ್ರೆ ಸೋವಿ ಗಾಜು.

ಇನ್ನೊಂದು ಕೆಲಸ ಬಹಳ ಜನ ಮಾಡೋದೇ ಇಲ್ಲ. ನಮ್ಮ ಎರಡು ಕಣ್ಣಿನ ದೃಷ್ಟಿ ಒಂದೇ ಇರಲ್ಲ. ಬಲಗಣ್ಣು ಮುಚ್ಚಿ, ಮಧ್ಯದ ಚಕ್ರ ತಿರುಗಿಸಿ ಎಡಗಣ್ಣಿಗೆ ಒಂದು ಬೋರ್ಡಿನ ಅಕ್ಷರ ಚೊಕ್ಕ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಸಣ್ಣ ಉಂಗುರ ತಿರುಗಿಸಿ ಅದೇ ಅಕ್ಷರ ಚೊಕ್ಕ ಮಾಡಿ. ಅದು ಡಯಾಪ್ಟರ್. ಒಂದು ಸಲ ಹೊಂದಿಸಿದ್ರೆ ಆಮೇಲೆ ಬರೀ ಮಧ್ಯದ ಚಕ್ರ ಸಾಕು. ಇದು ಗೊತ್ತಿಲ್ಲದೆ ಒಳ್ಳೆ ಬೈನಾಕ್ಯುಲರನ್ನ ವಾಪಸ್ ಕಳಿಸಿದವರನ್ನ ನಾನು ನೋಡಿದೀನಿ.

ಈಗ ಸ್ಪಾಟಿಂಗ್ ಸ್ಕೋಪ್. ಒಂದೇ ಕಣ್ಣಿನದು, 20ರಿಂದ 60×, ಟ್ರೈಪಾಡ್ ಮೇಲೆ ಕೂರಿಸೋದು. ಮರದ ಹಕ್ಕಿಗೆ ಇದು ದಂಡ. ಕಾಡಲ್ಲಿ ಟ್ರೈಪಾಡ್ ಬಿಚ್ಚೋಷ್ಟರಲ್ಲಿ ಹಕ್ಕಿ ಪಕ್ಕದ ತಾಲ್ಲೂಕಲ್ಲಿರುತ್ತೆ. ಇದರ ಜಾಗ ದೊಡ್ಡ ನೀರು. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ಗೊತ್ತಿರಬಹುದು, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಹಗಲು ದಂಡೆಯಿಂದ ದೂರ, ನೀರಲ್ಲಿ ಕೂತಿರುತ್ತವೆ. 8× ನಲ್ಲಿ ಹೆಬ್ಬಾತು ಅಂತ ಗೊತ್ತಾಗುತ್ತೆ, ತಲೆ ಮೇಲಿನ ಎರಡು ಕಪ್ಪು ಪಟ್ಟೆ ಎಣಿಸೋಕೆ ಸ್ಕೋಪ್ ಬೇಕು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕುತ್ತಿಗೆಗೆ ಅಕ್ಷರ-ಅಂಕಿಯ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಆ ಪಟ್ಟಿ ಓದೋಕೆ ಆದ್ರೆ ಆ ಹಕ್ಕಿ ಎಲ್ಲಿಂದ ಹೊರಟಿತು ಅನ್ನೋದು ಗೊತ್ತಾಗುತ್ತೆ. ಇಂಥ ಕೆಲಸಕ್ಕೆ ಸ್ಕೋಪ್‌ಗೆ ಬದಲಿ ಇಲ್ಲ.

ಆದ್ರೆ 60× ನೋಡಿ ಮರುಳಾಗಬೇಡಿ. ಅದೇ ಭಾಗಾಕಾರ: 65 ಮಿ.ಮೀ. ಲೆನ್ಸ್, 60× ಅಂದ್ರೆ 1.1 ಮಿ.ಮೀ. ಬೆಳಕು. ಜೊತೆಗೆ ಹನ್ನೊಂದು ಗಂಟೆ ಮೇಲೆ ಬಿಸಿಲ ಝಳಕ್ಕೆ ನೀರಿನ ಮೇಲಿನ ಗಾಳಿ ಕುದಿಯೋ ಹಾಗೆ ಅಲ್ಲಾಡುತ್ತೆ, ಎಷ್ಟೇ ದುಬಾರಿ ಸ್ಕೋಪ್ ಆದ್ರೂ. ಹೆಚ್ಚಿನ ಸಮಯ 20-30ರಲ್ಲೇ ನೋಡ್ತೀರಿ. ಕಣ್ಣಿಡೋ ಭಾಗ ಓರೆಯಾಗಿರೋದು ಮನೆಮಂದಿಗೆಲ್ಲ ಅನುಕೂಲ. ಎತ್ತರದವರು ಬಗ್ಗಿದ್ರೆ ಆಯ್ತು, ಮಕ್ಕಳಿಗಾಗಿ ಟ್ರೈಪಾಡ್ ಇಳಿಸಬೇಕಿಲ್ಲ. ನೇರ ಇರೋದು ಗುರಿ ಇಡೋಕೆ ಸುಲಭ. ಫೋನ್ ಅಡಾಪ್ಟರ್ ಹಾಕಿದ್ರೆ ಸ್ಕೋಪ್‌ನಿಂದಲೇ ಫೋಟೋ, ವಿಡಿಯೋ ಸಿಗುತ್ತೆ. ಬಜೆಟ್ ಹಾಕೋವಾಗ ಟ್ರೈಪಾಡ್ ಬೇರೆ ಲೆಕ್ಕ ಅಂತ ಮರೀಬೇಡಿ, ಗಾಳಿಗೆ ನಡುಗೋ ಟ್ರೈಪಾಡ್ ಮೇಲೆ 40 ಸಾವಿರದ ಸ್ಕೋಪೂ ವ್ಯರ್ಥ. ಮೊದಲ ಎರಡು ವರ್ಷ ಸ್ಕೋಪ್ ಯೋಚನೆಯೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಜೋಪಾನ ಮಾಡೋದು ಕಷ್ಟ ಏನಿಲ್ಲ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಲೆನ್ಸ್ ಮೇಲಿನ ಧೂಳನ್ನ ಮೊದಲು ಊದುವ ರಬ್ಬರ್ ಬುರುಡೆಯಿಂದ ಊದಿ, ಆಮೇಲೆ ಮೆತ್ತನೆ ಲೆನ್ಸ್ ಬಟ್ಟೆ. ಅಂಗಿ ತುದಿಯಲ್ಲಿ ಉಜ್ಜಿದ್ರೆ ಮರಳು ಕಾಗದ ತಿಕ್ಕಿದ ಹಾಗೆ.

ಅಪ್ಪನ ಹತ್ರ ಈಗ ಐ ರಿಲೀಫ್ ಜಾಸ್ತಿ ಇರೋ ಒಂದು 8×42 ಇದೆ. ಮೊದಲ ದಿನ ಕನ್ನಡಕ ಹಾಕ್ಕೊಂಡೇ ಕುಂದವಾಡ ಕೆರೆಯ ಮಿಂಚುಳ್ಳಿ ನೋಡಿ, ಬೈನಾಕ್ಯುಲರ್ ಕೆಳಗಿಳಿಸಿ, ಮತ್ತೆ ಎತ್ತಿ, "ಇಷ್ಟು ನೀಲಿ ಇರುತ್ತಾ ಇದು?" ಅಂದ್ರು. ತಿಂಡಿಗೆ ಮನೆಗೆ ಬರೋದು ಅವತ್ತಿಂದ ಅರ್ಧ ಗಂಟೆ ಲೇಟು, ಅಮ್ಮನ ದೂರು ನನ್ನ ಮೇಲೆ.

ಹಳೇ 20×50 ಇನ್ನೂ ಬೀರು ಮೇಲಿದೆ. ಸೆಕೆಂಡ್ ಹ್ಯಾಂಡ್ ಮಾರೋಣ ಅಂದ್ರೆ ಇನ್ಯಾರೋ ತಮ್ಮ ಅಪ್ಪನಿಗೆ ಕೊಟ್ಟುಬಿಡ್ತಾರೆ ಅನ್ನೋ ಭಯ. ಹುಣ್ಣಿಮೆಗೆ ಮುಂಚೆ ಪಕ್ಕದ ಮನೆ ಮಕ್ಕಳು ಬಂದು ತಾರಸಿ ಗೋಡೆ ಮೇಲೆ ಅದನ್ನ ಒರಗಿಸಿ ಚಂದ್ರನ ಕುಳಿ ನೋಡ್ತಾರೆ, ಅದಕ್ಕೆ ಚೆನ್ನಾಗೇ ಆಗುತ್ತೆ. ವಾಯ್ಸ್ ನೋಟ್ ಕಳಿಸಿದವರೇ, ನಿಮಗೆ ಕನ್ನಡಕ ಇದೆಯಾ ಅಂತ ಹೇಳಲೇ ಇಲ್ಲ. ಹೇಳಿ, ಆಮೇಲೆ ಮಾಡೆಲ್ ಮಾತಾಡೋಣ.