ಮೀನಿನ ತೊಟ್ಟಿಗೆ ಮನೆಯಲ್ಲೇ ಎಲ್‌ಇಡಿ ದೀಪ: ಡ್ರೈವರ್ ಆಯ್ಕೆ, ಶಾಖದ ಲೆಕ್ಕ

ಮೀನಿನ ತೊಟ್ಟಿಯಲ್ಲಿ ಗಿಡ ಬೆಳೆಸಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಬೆಳಕಿನದು. ತೊಟ್ಟಿಯ ಜೊತೆಗೇ ಬರುವ ಸಣ್ಣ ದೀಪ ಮೀನು ನೋಡುವುದಕ್ಕೆ ಸಾಕು. ರೊಟಾಲಾ, ಲುಡ್ವಿಜಿಯಾದಂಥ ಗಿಡ ಚೆನ್ನಾಗಿ ಚಿಗುರುವುದಕ್ಕೆ ಅನೇಕ ವೇಳೆ ಸಾಲದು. ಆಗ ಬಿಡಿ ಎಲ್‌ಇಡಿ ತಂದು ದೀಪವನ್ನು ನಾವೇ ಕಟ್ಟಿಕೊಳ್ಳಬಹುದು. ನಮ್ಮ ಕಡೆಯ ಅರಸೀಕೆರೆಯಿಂದ ರೈಲು ಹತ್ತಿದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ, ಡ್ರೈವರ್, ಥರ್ಮಲ್ ಪೇಸ್ಟ್ ಎಲ್ಲವೂ ಸಿಗುತ್ತವೆ. ಅಲ್ಯೂಮಿನಿಯಂ ಪಟ್ಟಿಗೆ ಊರಿನಲ್ಲೇ ಕಿಟಕಿ ಚೌಕಟ್ಟು ಮಾಡುವವರನ್ನು ಕೇಳಬಹುದು.

ಹೀಗೆ ಕಟ್ಟಿದ ದೀಪ ಬೇಗನೆ ಮಂಕಾದರೆ ಸಾಮಾನ್ಯವಾಗಿ ಮೂರು ಕಾರಣ: ಹೊಂದದ ಡ್ರೈವರ್, ಹೊರಹೋಗದ ಶಾಖ, ಒಳನುಗ್ಗಿದ ತೇವ. ನಮ್ಮ ಕಡೆ ಕೊನೆಯ ಎರಡಕ್ಕೂ ಹವೆಯೇ ಇಂಬು ಕೊಡುತ್ತದೆ: ಅರಸೀಕೆರೆ ತೆಂಗಿನ ಬಯಲುಸೀಮೆ, ಬೇಲೂರು ಮಲೆನಾಡಿನ ಅಂಚು, ಹಳೇಬೀಡು ಇವೆರಡರ ನಡುವೆ. ಒಂದು ಕಡೆ ಬೇಸಿಗೆಯ ಕಾವು ಹೆಚ್ಚು, ಇನ್ನೊಂದು ಕಡೆ ಮಳೆಗಾಲದ ತೇವ ಹೆಚ್ಚು. ಆದ್ದರಿಂದ ನನ್ನ ಸಲಹೆ ಇಷ್ಟು: ಡ್ರೈವರನ್ನು ಕರೆಂಟ್ ನೋಡಿ ಆರಿಸಿ, ಶಾಖ ಹೊರಹಾಕುವ ಹೀಟ್‌ಸಿಂಕನ್ನು ಅರಸೀಕೆರೆಯ ಬೇಸಿಗೆಗೆ ತಕ್ಕಂತೆ ಅಳೆಯಿರಿ, ದೀಪದ ಡಬ್ಬಿಯನ್ನು ಬೇಲೂರಿನ ಮಳೆಗೆ ತಕ್ಕಂತೆ ಮುಚ್ಚಿ.

ಡ್ರೈವರ್ ಏಕೆ ಬೇಕು?

ಬಿಳಿ ಪವರ್ ಎಲ್‌ಇಡಿ ಸುಮಾರು 3ರಿಂದ 3.4 ವೋಲ್ಟಿನಲ್ಲಿ ಉರಿಯುತ್ತದೆ. ವೋಲ್ಟೇಜ್ ಕಾಲು ವೋಲ್ಟಿನಷ್ಟು ಏರಿದರೂ ಅದರೊಳಗೆ ಹರಿಯುವ ಕರೆಂಟ್ ದುಪ್ಪಟ್ಟಾಗಬಹುದು. ಇನ್ನೊಂದು ತೊಂದರೆಯೂ ಇದೆ: ಎಲ್‌ಇಡಿ ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜನ್ನು ಮಾತ್ರ ಸ್ಥಿರವಾಗಿಡುವ ಅಡಾಪ್ಟರಿಗೆ ನೇರ ಜೋಡಿಸಿದರೆ ಬಿಸಿಯಿಂದ ಕರೆಂಟ್ ಏರುತ್ತದೆ, ಏರಿದ ಕರೆಂಟಿನಿಂದ ಇನ್ನಷ್ಟು ಬಿಸಿ, ಕೊನೆಗೆ ಎಲ್‌ಇಡಿ ಸುಡುತ್ತದೆ. ಕರೆಂಟನ್ನೇ ಸ್ಥಿರವಾಗಿಡುವ ಕಾನ್ಸ್ಟಂಟ್ ಕರೆಂಟ್ ಡ್ರೈವರ್ ಬೇಕಾಗುವುದು ಇದಕ್ಕೇ.

12 ವೋಲ್ಟಿನ ಎಲ್‌ಇಡಿ ಪಟ್ಟಿಗಳ ಕಥೆ ಬೇರೆ. ಅವುಗಳಲ್ಲಿ ಸಾಮಾನ್ಯವಾಗಿ ಮೂರು ಮೂರು ಎಲ್‌ಇಡಿಗೊಂದು ರೆಸಿಸ್ಟರ್ ಇದ್ದು ಅದೇ ಕರೆಂಟಿಗೆ ಮಿತಿ ಹಾಕುತ್ತದೆ; ಅವಕ್ಕೆ ಸಾಧಾರಣ 12 ವೋಲ್ಟ್ ಅಡಾಪ್ಟರ್ ಸಾಕು.

ಎರಡಡಿ ತೊಟ್ಟಿಗೆ ಒಂದು ಲೆಕ್ಕ

60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ತೊಟ್ಟಿಯಲ್ಲಿ 60 ಲೀಟರಿನಷ್ಟು ನೀರು ನಿಲ್ಲುತ್ತದೆ. ಸಾಧಾರಣ ಗಿಡಗಳಿಗೆ 6500 ಕೆಲ್ವಿನ್ ಬಣ್ಣದ, 20 ವ್ಯಾಟಿನ ಆಸುಪಾಸಿನ ಎಲ್‌ಇಡಿ ಒಳ್ಳೆಯ ಆರಂಭ. ‘3 ವ್ಯಾಟ್’ ಎಂದು ಮಾರುವ ಹತ್ತು ಎಲ್‌ಇಡಿಗಳನ್ನು ಸಾಲಾಗಿ, ಒಂದರ ಧನಕ್ಕೆ ಇನ್ನೊಂದರ ಋಣ ಸೇರುವಂತೆ ಜೋಡಿಸಿ. ಒಂದಕ್ಕೆ 3.2 ವೋಲ್ಟಿನಂತೆ ಒಟ್ಟು 32 ವೋಲ್ಟ್. 600 ಮಿಲಿ ಆಂಪಿಯರಿನಲ್ಲಿ ಉರಿಸಿದರೆ 32 × 0.6, ಅಂದರೆ 19.2 ವ್ಯಾಟ್. ಒಂದೊಂದು ಎಲ್‌ಇಡಿ ಬಳಸುವುದು 2 ವ್ಯಾಟಿನ ಒಳಗೇ. ಪೂರ್ಣ ಸಾಮರ್ಥ್ಯಕ್ಕೆ ದುಡಿಸದಿರುವುದೇ ಬಾಳಿಕೆಯ ಗುಟ್ಟು.

ಇದಕ್ಕೆ ಬೇಕಾದ ಡ್ರೈವರ್: ಔಟ್‌ಪುಟ್ ಕರೆಂಟ್ 600 ಮಿಲಿ ಆಂಪಿಯರ್, ಔಟ್‌ಪುಟ್ ವೋಲ್ಟೇಜ್ 24ರಿಂದ 40ರವರೆಗೆ. ನಿಮ್ಮ 32 ವೋಲ್ಟ್ ಆ ವ್ಯಾಪ್ತಿಯ ನಡುವೆ ಬೀಳಬೇಕು, ಅಂಚಿನಲ್ಲಿ ಅಲ್ಲ. ಒಂದೇ ಡ್ರೈವರಿಗೆ ಎರಡು ಸಾಲುಗಳನ್ನು ಸಮಾನಾಂತರವಾಗಿ ಜೋಡಿಸಬೇಡಿ. ಒಂದು ಸಾಲು ಕಡಿದರೆ ಪೂರ್ತಿ ಕರೆಂಟ್ ಇನ್ನೊಂದಕ್ಕೆ ನುಗ್ಗುತ್ತದೆ. ಡ್ರೈವರ್ ಚಾಲೂ ಇರುವಾಗ ಎಲ್‌ಇಡಿ ತಂತಿ ಸಿಕ್ಕಿಸುವುದೂ ಬೇಡ. ಆ ಕ್ಷಣದ ಹೆಚ್ಚುವರಿ ವೋಲ್ಟೇಜ್ ಎಲ್‌ಇಡಿಯನ್ನು ಕೊಲ್ಲಬಲ್ಲದು.

ಇನ್‌ಪುಟ್ ಕಡೆಯೂ ಗಮನವಿರಲಿ. ವೋಲ್ಟೇಜ್ ಏರಿಳಿತ ಇರುವ ಕಡೆ 100ರಿಂದ 265 ವೋಲ್ಟಿನವರೆಗೆ ತಾಳುವ ಡ್ರೈವರ್ ಬೇಕು. ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿನ ಹೊತ್ತಿಗೆ ಸರ್ಜ್ ಪ್ರೊಟೆಕ್ಟರ್ ಇರುವ ಸಾಕೆಟ್ ನೆರವಾಗುತ್ತದೆ. ಪ್ಲಗ್ ಕಿತ್ತಿಡುವುದು ಇನ್ನೂ ಕ್ಷೇಮ.

ಜೀವದ ಪ್ರಶ್ನೆ

ಕೆಟ್ಟ ಎಲ್‌ಇಡಿ ಬಲ್ಬಿನೊಳಗಿನ ಡ್ರೈವರ್ ಬಿಚ್ಚಿ ಬಳಸುವ ಅಭ್ಯಾಸವಿದೆ. ಮೀನಿನ ತೊಟ್ಟಿಗೆ ಅದು ಖಂಡಿತ ಸಲ್ಲದು. ಅಂಥ ಎಷ್ಟೋ ಡ್ರೈವರುಗಳು ಐಸೊಲೇಟೆಡ್ ಅಲ್ಲ. ಅವುಗಳ ಔಟ್‌ಪುಟ್ ತಂತಿಗೂ 230 ವೋಲ್ಟಿನ ಮೇನ್ ಲೈನಿಗೂ ನೇರ ಸಂಬಂಧ ಇರುತ್ತದೆ. ನೀರಿಗೆ ಕೈ ಹಾಕಿದಾಗ ಅದು ಪ್ರಾಣಕ್ಕೇ ಕುತ್ತು. ಐಸೊಲೇಟೆಡ್ ಎಂದು ನಮೂದಿಸಿರುವ, ಔಟ್‌ಪುಟ್ 60 ವೋಲ್ಟ್ ಮೀರದ, ಬಿಐಎಸ್ ನೋಂದಣಿ ಮತ್ತು ಐಎಸ್ 15885 ಗುರುತು ಇರುವ ಡ್ರೈವರನ್ನೇ ಕೊಳ್ಳಿ.

ಡ್ರೈವರನ್ನು ತೊಟ್ಟಿಯ ಮೇಲಿಡದೆ ಪಕ್ಕದ ಗೋಡೆಗೆ ಜೋಡಿಸಿ. ತಂತಿ ಸಾಕೆಟ್ ಸೇರುವ ಮೊದಲು ಕೆಳಕ್ಕೆ ಬಾಗಿ ಮೇಲೇರಲಿ. ತಂತಿಗುಂಟ ಹರಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಹೀಟ್‌ಸಿಂಕಿಗೆ ಅರ್ತಿಂಗ್ ಕೊಡಿ. ಮನೆಯ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ಲೈನ್ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು.

ಶಾಖ ಎಲ್ಲಿಗೆ ಹೋಗುತ್ತದೆ?

ಎಲ್‌ಇಡಿಗೆ ಕೊಟ್ಟ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗುತ್ತದೆ. ನಮ್ಮ ದೀಪದ 19 ವ್ಯಾಟಿನಲ್ಲಿ ಸುಮಾರು 12 ವ್ಯಾಟ್ ಶಾಖ ಎಂದು ಹಿಡಿಯೋಣ. ಬೇಸಿಗೆಯಲ್ಲಿ ಕೋಣೆ 35 ಡಿಗ್ರಿ ಇದ್ದರೂ ಹೀಟ್‌ಸಿಂಕ್ 55 ದಾಟಬಾರದು, ಅಂದರೆ 20 ಡಿಗ್ರಿಯಷ್ಟೇ ಏರಬಹುದು. ಫ್ಯಾನ್ ಇಲ್ಲದೆ ಇದು ಸಾಧ್ಯವಾಗಲು ಒಂದು ವ್ಯಾಟ್ ಶಾಖಕ್ಕೆ ಗಾಳಿಗೆ ತೆರೆದ 60ರಿಂದ 65 ಚದರ ಸೆಂ.ಮೀ. ಮೇಲ್ಮೈ ಬೇಕು. 12 ವ್ಯಾಟಿಗೆ ಸುಮಾರು 750 ಚದರ ಸೆಂ.ಮೀ. 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಚಪ್ಪಟೆ ಹಲಗೆಯ ಮೇಲ್ಭಾಗ 600 ಮಾತ್ರ, ಅದು ಸಾಲದು. ಅದೇ ಅಳತೆಯ, ರೆಕ್ಕೆಗಳಿರುವ ಅಲ್ಯೂಮಿನಿಯಂ ಹೀಟ್‌ಸಿಂಕ್ ಧಾರಾಳವಾಗಿ ಸಾಕು. ತಳ ಕನಿಷ್ಠ 3 ಮಿ.ಮೀ. ದಪ್ಪವಿರಲಿ, ರೆಕ್ಕೆಗಳು ಮೇಲ್ಮುಖವಾಗಿರಲಿ, ಮೇಲೆ ಮುಚ್ಚಳ ಬೇಡ.

ಎಲ್‌ಇಡಿ ಕೂರುವ ನಕ್ಷತ್ರಾಕಾರದ ತಟ್ಟೆಗೂ ಹೀಟ್‌ಸಿಂಕಿಗೂ ನಡುವೆ ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಿ ಸ್ಕ್ರೂ ಬಿಗಿಯಿರಿ. ದಪ್ಪ ಪದರ ಶಾಖವನ್ನು ತಡೆಯುತ್ತದೆ.

ಎಲ್‌ಇಡಿಗಳ ಸಂಖ್ಯೆ ಹೆಚ್ಚಿಸುವುದಾದರೆ ಫ್ಯಾನ್ ಬೇಕು. 12 ವೋಲ್ಟಿನ ಕಂಪ್ಯೂಟರ್ ಫ್ಯಾನನ್ನು 9 ವೋಲ್ಟಿಗೆ ಓಡಿಸಿದರೆ ಸದ್ದು ಕಡಿಮೆ. ಅದು ರೆಕ್ಕೆಗಳ ಮೇಲೆ ಕೋಣೆಯ ಗಾಳಿ ಊದಬೇಕು, ತೊಟ್ಟಿಯ ಹಬೆ ಎಳೆಯಬಾರದು. ಫ್ಯಾನ್ ನಿಂತರೆ ದೀಪ ಆರುವಂತೆ, 60 ಡಿಗ್ರಿಗೆ ಕಡಿಯುವ ಥರ್ಮಲ್ ಸ್ವಿಚ್ಚನ್ನು ಡ್ರೈವರಿನ ಇನ್‌ಪುಟ್ ದಾರಿಯಲ್ಲಿ ಹಾಕಿಸಿ. ಅದು 230 ವೋಲ್ಟಿನ ಕೆಲಸ; ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ತೇವಕ್ಕೆ ತಡೆ

ಪುನರ್ವಸು, ಪುಷ್ಯ ಮಳೆಯ ವಾರಗಳಲ್ಲಿ ಬೇಲೂರಿನ ಕಡೆ ಗಾಳಿಯೇ ಒದ್ದೆ. ತೊಟ್ಟಿಯ ಹಬೆಯೂ ಸೇರಿದರೆ ಬೆಸುಗೆಯ ಜಾಗ ಹಸಿರುಗಟ್ಟುತ್ತದೆ. ಎಲ್‌ಇಡಿಗಳ ಕೆಳಗೆ 3 ಮಿ.ಮೀ. ಅಕ್ರಿಲಿಕ್ ಹಾಳೆ ಕೂರಿಸಿ, ಅಂಚಿಗೆ ನ್ಯೂಟ್ರಲ್ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆಯ ಸಿಲಿಕೋನ್ ತೊಟ್ಟಿಯ ಗಾಜಿಗೆ ಸರಿ, ತಾಮ್ರವನ್ನು ಮಾತ್ರ ತಿನ್ನುತ್ತದೆ.

ದೀಪವನ್ನು ಮೊದಲು ತೊಟ್ಟಿಯಿಂದ ದೂರ, ನೆಲದ ಮೇಲೆ ಒಂದು ಗಂಟೆ ಉರಿಸಿ, ಆರಿಸಿ, ಹೀಟ್‌ಸಿಂಕ್ ಮುಟ್ಟಿ ನೋಡಿ. ಹತ್ತು ಸೆಕೆಂಡು ಕೈ ಇಡಲಾಗದಿದ್ದರೆ ಹೀಟ್‌ಸಿಂಕ್ ದೊಡ್ಡದಾಗಬೇಕು ಅಥವಾ ಕರೆಂಟ್ ಇಳಿಯಬೇಕು. ಪರೀಕ್ಷೆ ಗೆದ್ದ ದೀಪವನ್ನು ದಿನಕ್ಕೆ ಎಂಟು ಗಂಟೆ ಉರಿಸಿದರೆ, ಡ್ರೈವರಿನ ನಷ್ಟವೂ ಸೇರಿ ತಿಂಗಳಿಗೆ ಐದೂವರೆ ಯೂನಿಟ್ ಆಗುತ್ತದೆ. ಹಣ ಉಳಿಸಬೇಕಾದರೆ ಎಲ್‌ಇಡಿಗಳ ಸಂಖ್ಯೆಯಲ್ಲಿ ಉಳಿಸಿ. ಡ್ರೈವರಿನಲ್ಲಿ, ಅರ್ತಿಂಗಿನಲ್ಲಿ ಉಳಿಸಬೇಡಿ.